ವರ್ಡೆಲ್‌ಳ ಶುಕ್ರವಾರದ ರಾಜೀನಾಮೆ

ನಮ್ಮ ಅಲಬಾಮಾದ ಕಾಲುಚೀಲದ ಗಿರಣಿಯಲ್ಲಿ ಹೊಲಿಗೆಯ ವರ್ಡೆಲ್ ಪ್ರತಿ ಶುಕ್ರವಾರ ಸಂಜೆ ಕತ್ತರಿಯನ್ನು ಮೇಜಿಗೆ ಕುಕ್ಕಿ, "ನಾನು ಕೆಲಸ ಬಿಟ್ಟೆ!" ಎಂದು ಕೂಗುತ್ತಿದ್ದಳು. ಮೇಸ್ತ್ರಿ ಟ್ರಾಯ್ ತಲೆಯೆತ್ತದೆ, "ಆಯ್ತು ಮಿಸ್ ವರ್ಡೆಲ್, ಸೋಮವಾರ ಸಿಗೋಣ" ಎನ್ನುತ್ತಿದ್ದ.

ಹೊರದೇಶದ ಅಗ್ಗದ ಕಾಲುಚೀಲ ಬಂದು ನಮ್ಮ ಗಿರಣಿ ಮುಚ್ಚಿದ್ದೂ ಒಂದು ಶುಕ್ರವಾರವೇ. ಸುದ್ದಿ ಹೇಳಲು ಟ್ರಾಯ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಈ ಪುಣ್ಯಾತ್ಗಿತ್ತಿ ವರ್ಡೆಲ್ ಎಂದಿನಂತೆ "ಬಿಟ್ಟೆ!" ಎಂದು ಕೂಗಿಬಿಟ್ಟಿದ್ದಳು.

ಆಮದಿನಿಂದ ಕೆಲಸ ಹೋದವರಿಗೆ ಸರ್ಕಾರ ನೆರವು ಕೊಟ್ಟು ಹೊಸ ಕಸುಬು ಕಲಿಸುತ್ತದೆ. ತಾವಾಗಿಯೇ ಬಿಟ್ಟವರಿಗೆ ಏನೂ ಇಲ್ಲ.

"ನೀವೇ ಬಿಟ್ರಂತಲ್ಲ, ಮೇಡಂ?" ಎಂದು ವರ್ಡೆಲ್‌ಳನ್ನು ಕೇಳಿದ, ನಾವೆಲ್ಲ ಸಾಲು ನಿಂತಿದ್ದ ನೆರವಿನ ಕಚೇರಿಯ ಅಧಿಕಾರಿ.

ಅದೇ ಸಾಲಿನಲ್ಲಿ ನಮ್ಮಂತೆಯೇ ಕೆಲಸ ಕಳೆದುಕೊಂಡು ನಿಂತಿದ್ದ ಟ್ರಾಯ್ ಮುಂದೆ ಬಂದ.

"ಸಾರ್, ಇವ್ರು ವಾರವಾರ ಬಿಡ್ತಾರೆ. ನಾನು ಒಂದ್ಸಲಾನೂ ಒಪ್ಕೊಂಡಿಲ್ಲ. ಅವತ್ತೂ ಒಪ್ಕೊಂಡಿಲ್ಲ."

ಅಧಿಕಾರಿ ನಗು ತಡೆಯಲಾರದೆ, "ಸರಿ, ನಿಮಗೂ ನೆರವು ಸಿಗುತ್ತೆ. ಸೋಮವಾರದಿಂದ ವೆಲ್ಡಿಂಗ್ ಕ್ಲಾಸು, ಬೆಳಗ್ಗೆ ಏಳಕ್ಕೆ ಬನ್ನಿ" ಎಂದ.

"ಏಳಕ್ಕಾ? ಹಂಗಾದ್ರೆ ನಾನು ಬಿಟ್ಟೆ!"

ಟ್ರಾಯ್ ಬಾಯಿ ತೆರೆಯುವ ಮೊದಲೇ ಇಡೀ ಸಾಲು ಕೂಗಿತು: "ಆಯ್ತು ಮಿಸ್ ವರ್ಡೆಲ್, ಸೋಮವಾರ ಸಿಗೋಣ!"