ಮಲ್ಲೇಶ್ವರಕ್ಕೆ ಹೋಗಿ ನೋವು ಹೇಳಿ ಬಂದದ್ದು

ಬೆಳಿಗ್ಗೆ ಒಂಬತ್ತಕ್ಕೆ ಚಾಮರಾಜಪೇಟೆಯ ಮನೆ ಬಿಟ್ಟೆ. ಹೋಗಬೇಕಾದದ್ದು ಮಲ್ಲೇಶ್ವರ, ಹೆಚ್ಚೆಂದರೆ ಏಳು ಕಿಲೋಮೀಟರು. ಇದನ್ನೂ ಪ್ರವಾಸ ಅಂತ ಬರೀತಾಳಲ್ಲ ಅಂತ ನಗುವವರು ನಗಲಿ. ಯುಗಾದಿಯಾದ ವಾರಕ್ಕೆ ನಮ್ಮ ರಸ್ತೆಯ ತಿರುವಿನಲ್ಲೇ ಒಂದು ಸರಕಿನ ಆಟೊ ಹಿಂದಕ್ಕೆ ಬಂದು ನನ್ನನ್ನು ಕೆಡವಿತು. ಎಡ ಮೊಣಕಾಲಿನ ಹತ್ತಿರ ಮೂಳೆ ಮುರಿದು, ಈಗ ಅಲ್ಲೊಂದು ಪ್ಲೇಟು, ಏಳು ಸ್ಕ್ರೂ ಕೂತಿವೆ. ಈಗ ಮಾರ್ಗಶಿರ. ಈ ಎಂಟು ತಿಂಗಳಲ್ಲಿ ಒಬ್ಬಳೇ ಹೊಸಿಲು ದಾಟಿದ್ದು ಇದೇ ಮೊದಲು.

ಹೊರಟದ್ದು ಪರಿಹಾರದ ಕೇಸಿಗೆ ಬೇಕಾದ ಡಾಕ್ಟರ ವರದಿಗಾಗಿ. ಕಾಲು ಎಷ್ಟು ಕೆಟ್ಟಿದೆ ಅಂತ ಅವರು ಬರೆದುಕೊಟ್ಟರೆ ಕೇಸು ನಿಲ್ಲುತ್ತದೆ, ಇಲ್ಲವಾದರೆ ಮುಗೀತು. ಆಗಲೇ ಕೇಸು ಒಂದು ಸಲ ಕುಂಟಿದೆ, ಕುಂಟಿಸಿದವಳು ನಾನೇ. ಜೂನ್‌ನಲ್ಲಿ ಬೇರೊಂದು ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು "ನೋವು ಹೇಗಿದೆ ಅಮ್ಮ?" ಅಂದರು. "ಪರವಾಗಿಲ್ಲಪ್ಪ" ಅಂದೆ. ಅವರು ಚೀಟಿಯಲ್ಲಿ 'ನೋವಿಲ್ಲ' ಅಂತ ಬರೆದುಕೊಂಡರು. ವಿಮೆ ಕಂಪನಿಯ ವಕೀಲರು ಆ ಚೀಟಿಯನ್ನೇ ಹಿಡಿದುಕೊಂಡು ಕೂತಿದ್ದಾರೆ. ನಾನು ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು, 'ಪರವಾಗಿಲ್ಲ' ಬೇರೆ 'ನೋವಿಲ್ಲ' ಬೇರೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಡಾಕ್ಟರನ್ನು ಏನಂತ ಬೈಯಲಿ? ಮೂಲಪ್ರತಿಯಲ್ಲೇ ತಪ್ಪಿತ್ತು.

ನಮ್ಮ ವಕೀಲರಾದ ಗುರುಮೂರ್ತಿ ಹಿಂದಿನ ದಿನವೇ ಫೋನ್ ಮಾಡಿ ಎಚ್ಚರಿಸಿದ್ದರು. "ಸುಳ್ಳು ಹೇಳ್ಬೇಡಿ, ಜಾಸ್ತಿನೂ ಹೇಳ್ಬೇಡಿ ಮೇಡಂ. ಇದ್ದಿದ್ದು ಇದ್ದ ಹಾಗೆ ಹೇಳಿ. ಆ ಪರವಾಗಿಲ್ಲ ಅನ್ನೋದನ್ನ ಮಾತ್ರ ಮನೇಲಿ ಬಿಟ್ಟು ಹೋಗಿ."

ನಮ್ಮ ಯಜಮಾನರು, ರಿಟೈರಾದ ಗುಮಾಸ್ತರು, ಜೊತೆಗೆ ಬರಲು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರು. ನಾನೇ ಬೇಡ ಅಂದೆ. ಒಬ್ಬಳೇ ಹೋಗಿಬರಲು ಆಗುತ್ತದೋ ಇಲ್ಲವೋ ನೋಡಬೇಕಿತ್ತು. "ಕಾಲು ಹೆಂಗಿದೆ ಇವತ್ತು?" ಅಂದರು. ದಿನಾ ಕೇಳುತ್ತಾರೆ. "ಪರವಾಗಿಲ್ಲ ರೀ" ಅಂದೆ. ಗೇಟು ದಾಟುವ ಮೊದಲೇ ಲೆಕ್ಕ ಒಂದಾಯಿತು.

ಬಸ್ ಸ್ಟಾಪಿಗೆ ಮುಂಚೆ ನಾಲ್ಕು ನಿಮಿಷ ಸಾಕಿತ್ತು, ಈಗ ಹದಿಮೂರು ಹಿಡಿಯಿತು. ಆ ತಿರುವಿನಲ್ಲಿ ರಸ್ತೆ ದಾಟಲು ಎರಡು ಸಲ ಕಾಲಿಟ್ಟು ಹಿಂದಕ್ಕೆ ತೆಗೆದೆ. ಹೆದರಿಕೆಯಾಯಿತು, ಅದರಲ್ಲಿ ಮುಚ್ಚಿಡುವುದೇನಿದೆ. ಆಮೇಲೆ ಸ್ಕೂಲಿಗೆ ಹೊರಟ ಹೆಣ್ಣುಮಕ್ಕಳ ಗುಂಪೊಂದು ದಾಟಿತು, ಅವರ ನಡುವೆ ಸೇರಿಕೊಂಡು ನಾನೂ ದಾಟಿದೆ.

ಮೆಜೆಸ್ಟಿಕ್ ಬಸ್ಸಿನ ಮೊದಲ ಮೆಟ್ಟಿಲು ಇಷ್ಟು ಎತ್ತರವೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಬಲಗಾಲು ಮೊದಲು, ಕಂಬಿ ಹಿಡಿದು ಜಗ್ಗಿ, ಆಮೇಲೆ ಎಡಗಾಲು. ಕಂಡಕ್ಟರು ಸೀಟಿ ಊದದೆ ಕಾದರು. "ಆರಾಮಾಗಿ ಹತ್ತಿ ಅಮ್ಮ. ತುಂಬಾ ನೋವಾ?" "ಪರವಾಗಿಲ್ಲಪ್ಪ." ಎರಡು. ಆಧಾರ್ ಕಾರ್ಡು ತೋರಿಸಿ ಹೆಂಗಸರ ಬಿಟ್ಟಿ ಟಿಕೆಟ್ಟು ತಗೊಂಡೆ.

ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರಂ ಬದಲಿಸುವುದೇ ದೊಡ್ಡ ಕೆಲಸವಾಯಿತು. ಮಲ್ಲೇಶ್ವರದ ಬಸ್ಸಿನಲ್ಲಿ ಪಕ್ಕ ಕೂತಾಕೆ ಬಳೇಪೇಟೆಯಿಂದ ಸಗಟು ಬಳೆ ತಂದು ಮತ್ತಿಕೆರೆಯಲ್ಲಿ ಮಾರುವ ರತ್ನಮ್ಮ. ಕಾಲ ಬಳಿ ಎರಡು ಚೀಲ. ಮಾತಿಗೆ ಇರಲಿ ಅಂತ "ಚೆನ್ನಾಗಿದೀರಾ?" ಅಂದೆ. ಅಷ್ಟೇ ಸಾಕಾಯಿತು. ಸೊಂಟ ಹಿಡ್ಕೊಂಡಿದೆ, ಎಡ ಭುಜ ಎತ್ತಕ್ಕಾಗಲ್ಲ, ಹಿಮ್ಮಡಿ ಬೆಳಿಗ್ಗೆ ಎದ್ದ ತಕ್ಷಣ ಉರಿಯತ್ತೆ, ಹನ್ನೊಂದು ಗಂಟೆಗೆ ನಿಲ್ಲತ್ತೆ, ಮತ್ತೆ ನಾಲ್ಕಕ್ಕೆ ಶುರು. ಒಂದು ಕಡೆಯೂ ತಡವರಿಸಲಿಲ್ಲ. ಹೊಟ್ಟೆಕಿಚ್ಚಾಯಿತು ನನಗೆ.

"ಎಲ್ಲಾರ ಹತ್ರನೂ ಹಿಂಗೇ ಹೇಳ್ತೀರಾ?" ಅಂತ ಕೇಳಿದೆ.

"ಕೇಳಿದ್ರೆ ಹೇಳ್ತೀನಿ. ಬೇಡ ಅನ್ನೋರು ಕೇಳ್ಬಾರ್ದಪ್ಪ," ಅಂದರು. "ನಿಮ್ಗೇನಾಗಿದೆ ಕಾಲಿಗೆ?"

"ಏನೋ ಸ್ವಲ್ಪ. ಪರವಾಗಿಲ್ಲ." ಮೂರು. ಅಯ್ಯೋ ನನ್ನ ಬುದ್ಧಿಯೇ ಅಂದುಕೊಂಡೆ.

ಎಂಟನೇ ಕ್ರಾಸಿನಲ್ಲಿ ಇಳಿದೆ. ಎಳೆ ಬಿಸಿಲು, ಸಂಪಿಗೆ ರಸ್ತೆಯಲ್ಲಿ ಅವರೆಕಾಯಿ ರಾಶಿ ಬಿದ್ದಿತ್ತು, ಅರ್ಧ ಫುಟ್‌ಪಾತು ಅದಕ್ಕೇ ಹೋಗಿತ್ತು. ಇಪ್ಪತ್ತು ರೂಪಾಯಿ ಕೊಟ್ಟು ಕಾಫಿ ಕುಡಿದೆ. ಕುರ್ಚಿಯಿಲ್ಲದ ಹೋಟೆಲು, ಗೋಡೆಗೆ ಒರಗಿ ಕುಡಿದೆ. ಕಾಫಿ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ಒಂದು ಗಂಟೆ ಕಾಯಿಸಿದರು. ಡಾಕ್ಟರು ನನ್ನ ವಯಸ್ಸಿನವರೇ, ಐವತ್ತು ದಾಟಿದವರು. ಪ್ಲಾಸ್ಟಿಕ್ಕಿನ ಅಳತೆಪಟ್ಟಿಯೊಂದನ್ನು ಮೊಣಕಾಲಿಗೆ ಹಿಡಿದು ಮಡಚಿಸಿ ನೋಡಿದರು. "ಎಂಬತ್ತೈದು ಡಿಗ್ರಿ. ಅಲ್ಲಿಂದಾಚೆ ಹೋಗ್ತಿಲ್ಲ," ಅಂದರು. ಪೆನ್ನು ತೆಗೆದುಕೊಂಡರು. "ನೋವು ಹೇಗಿದೆ?"

"ಪರವಾ" ಅಂದು ಬಾಯಿ ಮುಚ್ಚಿಕೊಂಡೆ. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅವರು ಕಾಯುತ್ತಾ ಕೂತರು.

"ಇಂಗಿನ ಡಬ್ಬಿ ಕೆಳಗಡೆ ಇದೆ ಸಾರ್," ಅಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. ಇನ್ನು ಹೇಳದೆ ವಿಧಿಯಿರಲಿಲ್ಲ. ಅಡುಗೆ ಕಟ್ಟೆಯ ಕೆಳಗಿನ ಗೂಡಿನಲ್ಲಿ, ತೀರಾ ಹಿಂದೆ ಇದೆ ಅದು. ಕುಕ್ಕರುಗಾಲಲ್ಲಿ ಕೂತರೇ ಕೈಗೆ ಸಿಗುವುದು. ಕೂರಲಾಗುವುದಿಲ್ಲ. ತೆಗೆದುಕೊಡಿ ಅಂತ ಇವರನ್ನು ಕೇಳಿದರೆ ಯಾಕೆ ಅಂತಾರೆ, ಯಾಕೆ ಅಂದರೆ ಹೇಳಬೇಕಾಗುತ್ತದೆ. ಹಾಗಾಗಿ ಎಂಟು ತಿಂಗಳಿಂದ ನಮ್ಮ ಮನೆಯ ಹುಳಿಗೆ ಇಂಗಿಲ್ಲ. ಮಿಕ್ಕದ್ದೂ ಬಂತು. ನೆಲದಲ್ಲಿ ಕೂರಲಾಗದ್ದು, ಬೆಳಗಿನ ಜಾವ ನೋವಿಗೆ ಎಚ್ಚರವಾಗುವುದು, ಅಚ್ಚುಕೂಟದ ಮಹಡಿಗಿರುವ ಹದಿನಾಲ್ಕು ಕಬ್ಬಿಣದ ಮೆಟ್ಟಿಲು ಹತ್ತಲಾರದೆ ಕರಡು ಮನೆಗೇ ತರಿಸಿಕೊಳ್ಳುತ್ತಿರುವುದು, ಅದೂ ಈಗ ಕಮ್ಮಿಯಾಗುತ್ತಿರುವುದು. ಅಳು ಬಂತು. ಪರರ ಮುಂದೆ ಅತ್ತಿದ್ದಕ್ಕೆ ನಾಚಿಕೆಯೂ ಆಯಿತು.

"ಇದನ್ನೆಲ್ಲ ಯಾರೂ ಕೇಳಿರಲಿಲ್ವಾ?" ಅಂದರು ಡಾಕ್ಟರು.

"ಎಲ್ಲಾರೂ ಕೇಳಿದಾರೆ ಸಾರ್."

ಅವರು ಬರೆದರು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ತಲೆಕೆಳಗಾದ ಅಕ್ಷರ ಓದಿ ಅಭ್ಯಾಸ ನನಗೆ. ಇಂಗ್ಲಿಷಿನಲ್ಲಿ ಬರೆದರು, ಮೇಜಿನ ಈ ಕಡೆಯಿಂದಲೇ ಓದಿಕೊಂಡೆ. ಕುಕ್ಕರುಗಾಲು ಆಗದು, ನೆಲದಲ್ಲಿ ಕೂರಲಾಗದು, ಮೆಟ್ಟಿಲು ಕಷ್ಟ, ನೋವು ದಿನವೂ ಇದೆ. ಇಂಗಿನ ಡಬ್ಬಿಯನ್ನು ಬರೆಯಲಿಲ್ಲ. ತಿದ್ದುವಂಥದ್ದೇನೂ ಇರಲಿಲ್ಲ.

"ಪೂರ್ತಿ ಮೊದಲಿನ ಹಾಗೆ ಮಡಚಲ್ಲ ಇದು," ಅಂದರು ಕೊನೆಗೆ. "ದಿನಾ ವ್ಯಾಯಾಮ ಮಾಡಿದ್ರೆ ಆ ಹದಿನಾಲ್ಕು ಮೆಟ್ಟಿಲು ಹತ್ತಬಹುದು. ನೋವಾದಾಗ ನೋವಾಯ್ತು ಅಂತ ಹೇಳ್ಬೇಕು, ಇಲ್ಲಾಂದ್ರೆ ವ್ಯಾಯಾಮ ಹೇಳಿಕೊಡೋರಿಗೆ ಗೊತ್ತಾಗಲ್ಲ."

ವಾಪಸು ಬರಲು ಬಸ್ಸು ಹತ್ತುವ ಶಕ್ತಿ ಉಳಿದಿರಲಿಲ್ಲ. ಆಟೊದವನು ಇನ್ನೂರೈವತ್ತು ಅಂದ, ಇನ್ನೂರಕ್ಕೆ ಒಪ್ಪಿಸಿದೆ. ಒಂದೂವರೆಗೆ ಮನೆ ಸೇರಿದೆ.

ಇವರು ಊಟ ಮಾಡದೆ ಕಾದಿದ್ದರು. ಬೆಳಿಗ್ಗೆ ನಾನೇ ಮಾಡಿಟ್ಟಿದ್ದ ಹುಳಿ ಬಿಸಿ ಮಾಡಿ, ಮೇಜಿನ ಮೇಲೆ ಇಬ್ಬರಿಗೂ ಬಡಿಸಿದರು. "ಕಾಲು ಹೆಂಗಿದೆ?" ಅಂದರು.

"ನೋಯ್ತಿದೆ ರೀ."

ಅನ್ನ ಕಲಸುತ್ತಿದ್ದ ಕೈ ನಿಂತಿತು. "ಯಾವಾಗಿಂದ?"

"ಯುಗಾದಿಯಿಂದ."

ಅವರು ತಟ್ಟೆಯನ್ನೇ ನೋಡುತ್ತಾ ಒಂದು ತುತ್ತು ಬಾಯಿಗಿಟ್ಟರು. ನನಗೆ ಸಂಕಟವಾಯಿತು. ಮಾತು ಬದಲಿಸೋಣ ಅಂತ, ದಿನವೂ ಕೇಳುವ ಹಾಗೆಯೇ, "ಹುಳಿ ಹೆಂಗಿದೆ?" ಅಂದೆ. ದಿನವೂ ಅವರು ಪರವಾಗಿಲ್ಲ ಅನ್ನುತ್ತಾರೆ.

"ಇಂಗಿಲ್ಲ ಕಣೇ," ಅಂದರು. "ಯುಗಾದಿಯಿಂದ ಇಂಗಿಲ್ಲ."

"ಡಬ್ಬಿ ಕೆಳಗಡೆ ಗೂಡಲ್ಲಿದೆ."

ಎಂಜಲು ಕೈಯನ್ನು ದೂರಕ್ಕೆ ಹಿಡಿದುಕೊಂಡೇ ಎದ್ದು ಅಡುಗೆಮನೆಗೆ ಹೋದರು. ಕೆಳಗೆ ಕೂತು, ಎಡಗೈ ಗೂಡಿನೊಳಗೆ ತೂರಿಸಿ ತಡಕಾಡಿ ಡಬ್ಬಿ ತೆಗೆದರು, ಎದ್ದು ಅದನ್ನು ಕಟ್ಟೆಯ ಮೇಲೆ ಉಪ್ಪಿನ ಜಾಡಿಯ ಪಕ್ಕಕ್ಕೆ ಇಟ್ಟರು.