ಕಿರುಬೆರಳು ಕೇಳಿದ ನೀರು

ಶಿರಗುಪ್ಪಿಯ ಲಕ್ಷ್ಮಿಬಾಯಿಯ ಬಾಯಿಗೆ ಬೀಗವಿಲ್ಲ ಎಂದು ಊರೇ ಹೇಳುತ್ತದೆ. ತನ್ನ ಕಬ್ಬಿನ ಹೊಲದ ಬದುವಿನಲ್ಲಿ ನಿಂತು ಪಕ್ಕದ ಹೊಲದವರ ಸೊಸೆಗೆ ಬುದ್ಧಿ ಹೇಳುವ ಹೆಂಗಸು. ಆದರೂ ಜನ ಮಹಾರಾಜರೆಂದು ಕರೆಯುವ ದಿಗಂಬರ ಮುನಿಗಳು ಊರಿಗೆ ಬಂದರೆ ಆಹಾರದ ಹೊತ್ತಿಗೆ ಎಲ್ಲರಿಗೂ ಅವಳೇ ಬೇಕು. ಅಲ್ಲಿ ಮಾತು ನಡೆಯುವುದಿಲ್ಲ. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಜೋಡಿಸಿದ ಅಂಗೈಗಳಲ್ಲೇ ಉಣ್ಣುತ್ತಾರೆ. ನೀರು ಕುಡಿಯುವುದೂ ಆಗಲೇ. ಏನು ಬೇಕು, ಏನು ಸಾಕು ಎಂಬುದನ್ನು ಬಡಿಸುವವರು ನೋಡಿಯೇ ತಿಳಿಯಬೇಕು.

ಕರೋಶಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಮಲಾಬಾಯಿ ಅವಳಿಗೆ ಕಲಿಸಿದ್ದು ಇಷ್ಟೇ. "ಮಾರಿ ನೋಡಬ್ಯಾಡವ್ವಾ, ಕೈ ನೋಡು. ಮಾರಿ ಸುಳ್ಳ ಹೇಳತೈತಿ. ಕೈಗೆ ಅದು ಬರೂದಿಲ್ಲ."

ಲಕ್ಷ್ಮಿಬಾಯಿ ಕೈ ನೋಡುತ್ತ ಬಂದಳು. ಅಂಗೈ ತುಸು ಮುಂದೆ ಬಂದರೆ ಇನ್ನೊಂದು ತುತ್ತು, ಹೆಬ್ಬೆರಳು ಮಡಚಿದರೆ ಸಾಕು, ಕಿರುಬೆರಳು ಮಿಸುಕಿದರೆ ನೀರು.

"ಮಹಾರಾಜ್ರ ಬೆರಳ ತಿಳಿತೈತಿ ನಿನಗ. ಚಹಾಕ್ಕಂತ ನಾ ಕೆಮ್ಮಿದ್ರ ತಿಳಿಯಂಗಿಲ್ಲ," ಎಂದು ಗಂಡ ಜಯಪಾಲ ಗೊಣಗುತ್ತಿದ್ದ.

"ನಾ ಅತ್ತರೂ ಯಾಕಂತ ಕೇಳದವರು ನೀವು. ಕೆಮ್ಮಕೊಂತ ಕುಂದರ್ರಿ," ಎಂಬ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅದು ಸುಳ್ಳೂ ಅಲ್ಲ. ಹೆಂಡತಿಯ ಮುಖ ನೋಡಿ ಮನಸ್ಸು ತಿಳಿಯುವ ಕಷ್ಟಕ್ಕೆ ಜಯಪಾಲ ಎಂದೂ ಹೋದವನಲ್ಲ.

ಈ ವೈಶಾಖದಲ್ಲಿ ಬಂದ ಮಹಾರಾಜರು ತೀರ ವೃದ್ಧರು, ಕಣ್ಣಿಗೆ ಪೊರೆ ಬೇರೆ. ಕೃಷ್ಣೆಯ ಕಡೆಯಿಂದ ಬೀಸುವ ಗಾಳಿಯೂ ಹಂಚಿನಂತೆ ಕಾದಿತ್ತು. ಹಿಂದಿನ ದಿನ ಬೇರೊಂದು ಮನೆಯಲ್ಲಿ ಮೊದಲ ತುತ್ತಿನಲ್ಲೇ ಸತ್ತ ಇರುವೆ ಕಂಡಿತ್ತು. ಅಂಗೈಯಲ್ಲಿ ಸತ್ತ ಹುಳವೋ ಕೂದಲೋ ಬಂದರೆ ಅಂತರಾಯ. ಊಟ ಅಲ್ಲಿಗೇ ಮುಗಿಯಿತು, ಮರುದಿನದವರೆಗೆ ಹನಿ ನೀರೂ ಇಲ್ಲ. ಇವತ್ತೂ ಹಾಗೇ ಆದರೆ ಆ ಜೀವ ತಡೆಯಲಾರದು ಎಂದು ಊರಿಗೆಲ್ಲ ಗೊತ್ತಿತ್ತು. ಅಂಥ ದಿನವೇ ಮಹಾರಾಜರು ಲಕ್ಷ್ಮಿಬಾಯಿಯ ಮನೆಗೆ ಬಂದರು.

ಸೊಸೆ ಸ್ನೇಹಲ ಒಂದೊಂದೇ ಪಾತ್ರೆ ಎತ್ತಿ ಕೊಡುತ್ತಿದ್ದಳು, ಲಕ್ಷ್ಮಿಬಾಯಿ ನೋಡಿ ನೋಡಿ ಬಡಿಸುತ್ತಿದ್ದಳು. ಮೊದಲ ಗುಟುಕಿಗೇ ಮಹಾರಾಜರಿಗೆ ಕೆಮ್ಮು ಬಂದು ನೀರೆಲ್ಲ ಕೆಳಗಿಟ್ಟ ಅಗಲ ತಟ್ಟೆಗೆ, ಪರಾತಕ್ಕೆ, ಹರಿಯಿತು. ಗಂಟಲು ಹದಕ್ಕೆ ಬರಲೆಂದು ಅವಳು ಮೆತ್ತನೆಯ ಅನ್ನ ಇಟ್ಟಳು. ಆಗ ಕಂಡಿತು. ಅಂಗೈಯ ಅನ್ನದಲ್ಲಿ ಒಂದು ಬಿಳಿ ಕೂದಲು, ಅರ್ಧ ಒಳಗೆ, ಅರ್ಧ ಹೊರಗೆ.

ತಲೆಯ ಸೆರಗು ಜಾರಿದಾಗ ಮಣಿಕಟ್ಟಿನಿಂದ ಹಿಂದೆ ತಳ್ಳಿದ್ದು ಅವಳಿಗೆ ನೆನಪಾಯಿತು. ಕೂದಲು ಅವಳದೇ. ಬೇರೆ ಯಾರೂ ನೋಡಿರಲಿಲ್ಲ. ಮಹಾರಾಜರ ಕಣ್ಣಿಗಂತೂ ಕಾಣುವಂತಿರಲಿಲ್ಲ.

ಮಹಾರಾಜರ ಕಿರುಬೆರಳು ಮಿಸುಕಿತು.

ಅವಳು ನೀರಿನ ತಂಬಿಗೆ ಎತ್ತಿದಳು. ಹಾಕಿಬಿಡು, ಒಂದು ಬೊಗಸೆ ನೀರು ಒಳಗೆ ಹೋಗಲಿ, ಪಾಪ ನನ್ನ ತಲೆಗೇ ಬರಲಿ ಎಂದಿತು ಮನಸ್ಸು. ಒಂದು ಆಯುಷ್ಯವೆಲ್ಲ ಕಾಪಾಡಿಕೊಂಡು ಬಂದ ವ್ರತ ಅವರದು, ಕಳ್ಳತನದಲ್ಲಿ ಮುರಿಯಲು ನೀನ್ಯಾರು ಎಂದೂ ಅದೇ ಮನಸ್ಸು ಕೇಳಿತು. ಮುಖವನ್ನೇನೋ ಅವಳು ಗಟ್ಟಿ ಮಾಡಿಕೊಂಡಳು. ಆದರೆ ತಂಬಿಗೆ ಬಾಗಲಿಲ್ಲ. ಅಂಗೈಗಳ ಮೇಲೆ ಹಾಗೇ ನಿಂತುಬಿಟ್ಟಿತು.

ಮಹಾರಾಜರು ಆ ತಂಬಿಗೆಯನ್ನೇ ನೋಡಿದರು. ಮಂದ ಕಣ್ಣಿಗೂ ಹಿತ್ತಾಳೆಯ ಹೊಳಪು ಕಾಣುತ್ತಿತ್ತು, ಅದು ಬಾಗದೆ ನಿಂತದ್ದೂ ಕಾಣುತ್ತಿತ್ತು. ಮೆಲ್ಲಗೆ ಎರಡೂ ಅಂಗೈ ಬಿಡಿಸಿದರು. ಅನ್ನ ಪರಾತಕ್ಕೆ ಬಿತ್ತು.

"ಏನಾತ್ರಿ? ಮಹಾರಾಜ್ರ ಕೈ ಸಡಲ ಆತೇನ?" ಬಸದಿಯ ಪಂಚರಲ್ಲೊಬ್ಬರಾದ ದಾದಾಸಾಹೇಬ ಗಾಬರಿಯಿಂದ ಅವಳನ್ನು ಕೇಳಿದರು.

ಹೌದೆಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಲಕ್ಷ್ಮಿಬಾಯಿ ಬಾಗಿ ಪರಾತದಿಂದ ಕೂದಲು ಎತ್ತಿ ತೋರಿಸಿದಳು. "ನಂದ್ರಿ," ಎಂದಳು.

ಮಹಾರಾಜರು ಹೊರಟ ಮೇಲೆ ದಾದಾಸಾಹೇಬ ನೆಲ ನೋಡುತ್ತ ಹೇಳಿದರು. "ನಾಳಿ ನೀವು ಮುಂದ ನಿಂದರಬ್ಯಾಡ್ರಿ, ವೈನಿ." ಅವಳು ತಲೆಯಾಡಿಸಿದಳು. ಆದರೆ ಅವಳನ್ನು ಸುಡುತ್ತಿದ್ದುದು ಕೂದಲಲ್ಲ. ಮೋಸ ಮಾಡಲೆಂದೇ ತಂಬಿಗೆ ಎತ್ತಿದ್ದಳು. ಅದು ಗೊತ್ತಿದ್ದದ್ದು ಅವಳಿಗೆ ಮತ್ತು ಮಹಾರಾಜರಿಗೆ ಮಾತ್ರ.

ಆ ಸಂಜೆ ಜಯಪಾಲ ಕೆಮ್ಮಲಿಲ್ಲ. ತಾನೇ ಚಹಾ ಮಾಡಿ ತಂದಿಟ್ಟ, ಅವಳು ಮುಟ್ಟಲಿಲ್ಲ. ನೀರನ್ನೂ ಮುಟ್ಟಲಿಲ್ಲ.

ಮರುದಿನ ಮಹಾರಾಜರು ಬಲಗೈ ಬೆರಳುಗಳನ್ನು ಭುಜಕ್ಕೆ ಹಚ್ಚಿಕೊಂಡು ಬೀದಿಗೆ ಬಂದರು. ಕಾಲುಗಳು ತಡವರಿಸುತ್ತಿದ್ದವು. ಹೊರಡುವ ಮುಂಚೆ ಮುನಿಗಳು ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಅದು ಯಾವ ಬಾಗಿಲಲ್ಲಿ ಕಂಡಿತೋ ಅಲ್ಲಿ ಭುಜದ ಕೈ ಇಳಿಯುತ್ತದೆ. ಎಲ್ಲೂ ಕಾಣದಿದ್ದರೆ ಉಪವಾಸವೇ ಬಸದಿಗೆ ವಾಪಸು. ಆ ಗುರುತನ್ನು ಯಾರೂ ಕೇಳುವಂತಿಲ್ಲ, ಅವರೂ ಹೇಳುವುದಿಲ್ಲ.

ಬಾಗಿಲು ಬಾಗಿಲಿನಲ್ಲೂ ಜನ ಕಲಶ ಹಿಡಿದು ನಮೋಸ್ತು ಎಂದು ಕರೆದರು. ಕೈ ಇಳಿಯಲಿಲ್ಲ. ಕೊನೆಗೆ ಮಹಾರಾಜರು ಜಯಪಾಲನ ಮನೆಯ ಮುಂದೆ ನಿಂತರು. ಸ್ನೇಹಲ ಕಲಶ ಹಿಡಿದು ಕರೆದಳು. ಆಗಲೂ ಇಳಿಯಲಿಲ್ಲ. ಮಹಾರಾಜರ ಪಾದ ಬಸದಿಯ ಕಡೆ ತಿರುಗತೊಡಗಿತು.

ಜಯಪಾಲ ಹಿಂದೆ ನೋಡಿದ. ಬಾಗಿಲ ಮರೆಯಲ್ಲಿ ಹೆಂಡತಿ ನಿಂತಿದ್ದಳು. ಅವಳ ಮುಖ ಕತ್ತಲಲ್ಲಿತ್ತು, ಕೈಗಳಷ್ಟೇ ಬೆಳಕಿಗೆ ಕಾಣುತ್ತಿದ್ದವು. ಇಲ್ಲದ ತಂಬಿಗೆಯನ್ನು ಹಿಡಿದಂತೆ ಬೆರಳುಗಳು ಮಡಚಿಕೊಂಡಿದ್ದವು. ಅವನು ಸೊಸೆಯ ಕೈಯಿಂದ ಕಲಶ ತೆಗೆದು ಆ ಬೆರಳುಗಳ ನಡುವೆ ಇಟ್ಟ, ಮೊಣಕೈ ಹಿಡಿದು ಹೊಸ್ತಿಲಿಗೆ ತಂದ. ದಾದಾಸಾಹೇಬ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬೀಗವಿಲ್ಲದ ಬಾಯಿಂದ ದನಿ ಹೊರಡಲೇ ಇಲ್ಲ. ತುಟಿ ಎರಡು ಸಲ ಅಲುಗಿದ ಮೇಲೆ, "ನಮೋಸ್ತು... ನಮೋಸ್ತು," ಎಂದಳು.

ಭುಜದ ಮೇಲಿದ್ದ ಕೈ ಕೆಳಗಿಳಿಯಿತು.

ತಲೆಗೆ ವಸ್ತ್ರ ಬಿಗಿದುಕೊಂಡು ಅವಳು ಅಗುಳು ಅಗುಳನ್ನೂ ನೋಡಿ ಬಡಿಸಿದಳು. ಕಿರುಬೆರಳು ಮಿಸುಕಿದಾಗ ತಂಬಿಗೆ ತಡಮಾಡದೆ ಬಾಗಿತು. ಮಹಾರಾಜರು ಕುಡಿದರು, ಮತ್ತೆ ಬೆರಳು ಮಿಸುಕಿತು, ಮತ್ತೆ ಕುಡಿದರು.

ಅವರು ಹೊರಟ ಮೇಲೆ ಲಕ್ಷ್ಮಿಬಾಯಿ ಗೋಡೆಗೆ ಒರಗಿ ಕುಳಿತಳು. ಜಯಪಾಲ ಒಂದು ತಂಬಿಗೆ ನೀರು ತಂದು ಅವಳ ಮುಂದೆ ಹಿಡಿದ. ಅವಳು ಕೇಳಿರಲಿಲ್ಲ.