ರೆನಾಟಾ ಅಂದರೆ ಏನೂ ಇಲ್ಲ

ತಮ್ಮನ ಹೆಂಡತಿ ಹಡೆದು ಮೂರು ತಿಂಗಳಾದರೂ ಮಗಳಿಗೆ ಹೆಸರಿಡಲು ಬಿಟ್ಟಿರಲಿಲ್ಲ. ಮೊದಲಿನ ಎರಡು ಕೂಸುಗಳೂ ಹೆಸರಿಟ್ಟ ವಾರದೊಳಗೇ ಹೋಗಿದ್ದವು. "ಕರದ್ರ ಹೋಗ್ತಾವ್ರಿ," ಎನ್ನುತ್ತಿದ್ದಳು. ಕೊನೆಗೊಂದು ದಿನ ನನಗೆ ಫೋನ್ ಮಾಡಿದಳು. "ಅಕ್ಕಾರ, ಸೋದರತ್ತಿ ನೀವು. ನಿಮ್ಮ ಹೆಸರಽ ಇಡ್ರಿ. ನೀವು ಉಳದೀರಲ್ಲ."

ಉಳಿದದ್ದೇನೋ ಖರೆ. ನಾನೂ ಎರಡು ಕೂಸು ಸತ್ತ ಮೇಲೆ ಹುಟ್ಟಿದವಳು. ನಮ್ಮ ಕಡೆ ಅಂಥವರಿಗೆ ತಿಪ್ಪವ್ವ, ಕಲ್ಲವ್ವ ಎಂದು ಸಾವೂ ಮೂಗು ಮುರಿಯುವಂಥ ಹೆಸರಿಡುತ್ತಾರೆ. ನನಗಿಟ್ಟದ್ದು ರೆನಾಟಾ! ವಿಭೂತಿ ಹಚ್ಚಿಕೊಳ್ಳದೆ ನೀರೂ ಕುಡಿಯದ ಮನೆಯಲ್ಲಿ ಇದೆಲ್ಲಿಯ ಹೆಸರು? ಅಜ್ಜಿಯನ್ನು ಕೇಳಿ ಕೇಳಿ ಸಾಕಾಗಿತ್ತು. "ಮಾನ್ವಿ ದವಾಖಾನಿ ಸಿಸ್ಟರ್ ಇಟ್ಟಿದ್ದು. ಅರ್ಥ ಗಿರ್ಥ ಏನಿಲ್ಲ, ಬರೀ ಹೆಸರು. ಸುಮ್ನ ಕುಂದ್ರ ಬೇ," ಎಂದು ಗದರಿಸುತ್ತಿದ್ದಳು. ಸಾಯುವ ತನಕ ಅದೇ ಉತ್ತರ. ನಾನೂ ಬಾಯಿಗೆ ಬಂದಂತೆ ಅಂದು, ಅವಳೇ ಹೇಳಲಿ ಎಂಬ ಹಟಕ್ಕೆ ಬಿದ್ದು ಬೇರೆ ಎಲ್ಲೂ ಹುಡುಕಿರಲಿಲ್ಲ.

ಈಗ ಮೊಬೈಲಿನಲ್ಲಿ ಹುಡುಕಿದೆ. ಲ್ಯಾಟಿನ್ ಮಾತಂತೆ. ಮರಳಿ ಹುಟ್ಟಿದವಳು. ಮರಳಿ ಹುಟ್ಟಬೇಕಾದರೆ ಮೊದಲು ಸಾಯಬೇಕಲ್ಲ! ಇದನ್ನು ಆ ಕೂಸಿನ ಕಿವಿಯಲ್ಲಿ ಯಾವ ಬಾಯಿಂದ ಹೇಳಲಿ? ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕುಂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮರುದಿನ ಬೆಳಿಗ್ಗೆ ದೇವದುರ್ಗದಿಂದ ಮಾನ್ವಿಗೆ ಹೋದೆ.

ಆ ಸಿಸ್ಟರ್, ಮುಪ್ಪಾದ ಕ್ರೈಸ್ತ ಸನ್ಯಾಸಿನಿ, ಇನ್ನೂ ಇದ್ದರು. ಕಿವಿ ಮಂದ, ನೆನಪು ಚುರುಕು. "ಹುಟ್ಟಿದಾಗ ನೀಲಿಗಟ್ಟಿದ್ದಿ. ಉಸುರು ಅದನೋ ಇಲ್ಲೋ ಅನ್ನೂಹಂಗಿತ್ತು," ಎಂದರು. "ಸಾಯೂ ಕೂಸಿಗೆ ನಾವು ತಲಿ ಮ್ಯಾಲ ನೀರು ಹಾಕಿ ಹೆಸರಿಡ್ತೀವಿ. ನಿಮ್ಮಜ್ಜಿಗಿ ಕೇಳಿದೆ. ಯಾವ ದೇವರ ನೀರಾದ್ರೇನ್ರಿ, ಹಾಕ್ರಿ ಅಂದ್ಲು. ನೀರು ಬಿದ್ದಕೂಡ್ಲೇ ಚೀರಿದಿ. ಅದಕ್ಕಽ ಆ ಹೆಸರು."

"ಅರ್ಥ ಅಜ್ಜಿಗಿ ಗೊತ್ತಿತ್ತೇನ್ರಿ?"

"ಅವತ್ತಽ ಹೇಳಿದ್ದೆ. ಕೈ ಮುಗುದು ಏನಂದ್ಲು ಗೊತ್ತೇನು? ಯವ್ವಾ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಕೈತಪ್ಪಿ ಹೋದ ಕೂಸು ಇದಽ ಅಂತ ಸಾವಿಗೆ ತಿಳಿದ್ರ ಮತ್ತ ಹುಡಿಕ್ಯಾಂಡು ಬರ್ತದ ಅಂದ್ಲು."

ವಾಪಸ್ ಬರುವಾಗ ಬಸ್ಸಿನಲ್ಲಿ ಯಾರು ನೋಡಿದರೂ ನೋಡಲಿ ಎಂದು ಅತ್ತೆ. ಎಲ್ಲ ಗೊತ್ತಿದ್ದೂ ನನ್ನಿಂದ ಅಷ್ಟು ಮಾತು ಅನಿಸಿಕೊಂಡಳಲ್ಲ ಆ ಮುದುಕಿ! ಒಂದು ಸಲ ಹೇಳಿಬಿಡಬಾರದಿತ್ತೇ?

ಭಾನುವಾರ ರಾಯಚೂರಿನ ತಮ್ಮನ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ನನ್ನ ಹೆಸರನ್ನೇ ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ನಗುತ್ತ ನನ್ನ ಬೆನ್ನಿಗೆ ಗುದ್ದಿದರು. ತಮ್ಮನ ಹೆಂಡತಿ ಮಾತ್ರ ನಗಲಿಲ್ಲ. ತೊಟ್ಟಿಲ ಹಗ್ಗ ಬಿಗಿಯಾಗಿ ಹಿಡಿದುಕೊಂಡೇ ಕೇಳಿದಳು.

"ಅಕ್ಕಾರ, ಇದರ ಅರ್ಥ ಏನ್ರಿ?"

"ಅರ್ಥ ಗಿರ್ಥ ಏನಿಲ್ಲ ಬೇ," ಎಂದೆ. "ಬರೀ ಹೆಸರು."

ಅವಳು ಹಗ್ಗ ಬಿಟ್ಟಳು. ತೊಟ್ಟಿಲಿಗೆ ಬಗ್ಗಿ, ಮೊದಲ ಸಲ, ಮಗಳನ್ನು ಹೆಸರು ಹಿಡಿದು ಕರೆದಳು.